ಉಡಿಯಲ್ಲಿ ಬಂದ ಊರು

ಬಹಳ ಹಿಂದೆ, ಖಂಡದ ರಾಜರೆಲ್ಲ ಸೇರಿದ ಊಟದಲ್ಲಿ, ಕಿರುಗೋಟೆಯ ರಾಜ ನನ್ನಿದೇವನ ಎಲೆ ಪಂಕ್ತಿಯ ಕೊನೆಗೆ ಬಿತ್ತು. ಕೈ ತೊಳೆದ ನೀರು ಹರಿದುಹೋಗುವ ಜಾಗ ಅದು. ಅವನ ಎಲೆಗೆ ಸಾರು ಬರುವ ಹೊತ್ತಿಗೆ ಮೊದಲ ಎಲೆಯವರು ಮಜ್ಜಿಗೆ ಮುಗಿಸಿದ್ದರು.

ಆ ಖಂಡದ ಪದ್ಧತಿಯೇ ಹಾಗಿತ್ತು. ರಾಜಧಾನಿ ಎಷ್ಟು ದೊಡ್ಡದೋ ರಾಜನ ಎಲೆ ಅಷ್ಟು ಮುಂದೆ. ಕೆಲವು ರಾಜ್ಯಗಳಲ್ಲಿ ರಾಜಧಾನಿಯೇ ಎಲ್ಲಕ್ಕಿಂತ ದೊಡ್ಡ ಊರು. ಕೆಲವು ರಾಜ್ಯಗಳಲ್ಲಿ ರಾಜಧಾನಿ ಒಂದು, ದೊಡ್ಡ ಊರು ಇನ್ನೊಂದು. ನನ್ನಿದೇವನ ರಾಜ್ಯ ಎರಡನೆಯ ಬಗೆಯದು. ಅವನ ಸೀಮೆಯ ಹಿರಿಹೊಳಲು ಇಡೀ ಖಂಡಕ್ಕೇ ದೊಡ್ಡ ಊರು, ಹೊಳೆಯ ಎರಡೂ ದಡಕ್ಕೆ ಹರಡಿತ್ತು. ಅವನ ರಾಜಧಾನಿ ಕಿರುಗೋಟೆ ಮಾತ್ರ ಗುಡ್ಡದ ಮೇಲಿನ ಸಣ್ಣ ಊರು. ಒಂದು ಬೀದಿಯಲ್ಲಿ ಕೆಮ್ಮಿದರೆ ಇನ್ನೊಂದು ಬೀದಿಯವರು ಕಷಾಯ ಹೇಳುತ್ತಿದ್ದರು.

ಮೊದಲ ಎಲೆಯಲ್ಲಿ ಕೂತವನು ಏಳುಬಾವಿಯ ರಾಜ ಸೋವಿದೇವ. ನನ್ನಿದೇವನ ಹೆಂಡತಿ ಜಕ್ಕಬ್ಬೆಯ ಅಣ್ಣ. ಅವನು ಅಲ್ಲಿಂದಲೇ ಕೂಗಿ ಕೇಳಿದ.

“ಭಾವನವರೆ, ಅಲ್ಲಿಗೆ ಪಾಯಸ ಬಂತೇ? ಇಲ್ಲ ಕುದುರೆ ಕಳಿಸಲೇ?”

ಭಾವಂದಿರು ಒಬ್ಬರಿಗೊಬ್ಬರು ಆಡುವ ಮಾತು. ಪಂಕ್ತಿಯೆಲ್ಲ ನಕ್ಕಿತು. ನನ್ನಿದೇವನೂ ನಗಬೇಕಿತ್ತು. ನಗಲಿಲ್ಲ.

ಕಿರುಗೋಟೆಗೆ ಬಂದವನು ಸರಿಯಾಗಿ ಉಣ್ಣಲಿಲ್ಲ. ಹಿರಿಹೊಳಲನ್ನೇ ರಾಜಧಾನಿ ಮಾಡಿಕೊಳ್ಳಿ ಎಂದು ಮಂತ್ರಿ ಹೇಳಿದ. ಎಲೆಗೋಸ್ಕರ ಅಜ್ಜ ಮುತ್ತಜ್ಜಂದಿರ ಗುಡ್ಡ ಇಳಿಯುವುದಿಲ್ಲ ಎಂದು ರಾಜ ಅಂದ. ನಮ್ಮಣ್ಣನ ನಾಲಿಗೆ ಹಾಗೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಜಕ್ಕಬ್ಬೆ ಹೇಳಿದಳು. ಅವನು ಹಚ್ಚಿಕೊಂಡಾಗಿತ್ತು.

ಆಗ ಆ ಊರಿಗೆ ನೂಲಜೋಗಿ ಬಂದ. ಮುಂಗೈಗೆ ಕರಿಯ ನೂಲು ಸುತ್ತಿಕೊಂಡ ಮಾಂತ್ರಿಕ. ಅವನಿಗೆ ಅನ್ನ ಬೇಡ, ನೀರು ಬೇಡ. ಊರುಗಳ ಹೆಸರು ತಿಂದು ಬದುಕುತ್ತಿದ್ದ. ಒಂದು ಊರು ಎಷ್ಟು ಕಾಲ ಬಾಳಿತ್ತೋ, ಅದರ ಹೆಸರು ತಿಂದರೆ ಅವನಿಗೆ ಅಷ್ಟು ಆಯಸ್ಸು. ಇದನ್ನು ಅವನು ರಾಜನಿಗೆ ಹೇಳಲಿಲ್ಲ. ಬೇರೆ ಹೇಳಿದ.

ಪ್ರತಿಯೊಂದು ಊರಿಗೂ ಒಂದು ಕರುಗಲ್ಲು ಇರುತ್ತದೆ. ಊರು ಕಟ್ಟಿದ ದಿನ ನೆಟ್ಟ ಕಲ್ಲು. ಜನ ಅದಕ್ಕೆ ಹಾಲೆರೆದು ಕೈ ಮುಗಿಯುತ್ತಾರೆ, ಅಷ್ಟೇ ಗೊತ್ತು ಅವರಿಗೆ. ಆದರೆ ಕಲ್ಲು ಎಲ್ಲಿಗೆ ಹೋದರೆ ಊರು ಅಲ್ಲಿಗೆ ಹೋಗುತ್ತದೆ. ಇದು ಜೋಗಿಗೆ ಮಾತ್ರ ಗೊತ್ತಿದ್ದ ಸಂಗತಿ.

“ಮೂರು ದೊಡ್ಡ ಊರುಗಳ ಕರುಗಲ್ಲು ತಂದು ನಿನ್ನ ಊರಿನಲ್ಲಿ ನೆಡಿಸು,” ಎಂದ ಜೋಗಿ. “ಊರು ನಿನಗೆ. ಹೆಸರು ನನಗೆ.”

ಬರಿಯ ಹೆಸರು ತಾನೇ, ಹೋದರೆ ಹೋಗಲಿ ಎಂದುಕೊಂಡ ರಾಜ. ಒಪ್ಪಿದ.

ಒಂದು ಕಟ್ಟಳೆ ಇತ್ತು. ಕದ್ದರೆ ಕಲ್ಲು ಮೇಲೇಳುವುದಿಲ್ಲ. ಪ್ರತಿ ಕಲ್ಲನ್ನೂ ಒಂದು ಮೃಗ ಕಾಯುತ್ತದೆ. ಅದು ತಾನಾಗಿ ಕೊಡಬೇಕು.

ರಾಜ ಮಗನನ್ನು ಕರೆದ. ಮಗನ ಹೆಸರು ಕೇತ. ಗಟ್ಟಿಮುಟ್ಟಾದ ಹುಡುಗ, ಮೀಸೆ ಈಗಷ್ಟೇ ಬಂದಿತ್ತು. ಅಪ್ಪ ಅನ್ನ ಬಿಟ್ಟು ಕೂತದ್ದನ್ನು ನೋಡಲಾರದೆ ಒದ್ದಾಡುತ್ತಿದ್ದ. ಹೋಗುತ್ತೇನೆ ಅಂದ. ಆ ಊರುಗಳ ಜನ ಏನಾಗುತ್ತಾರೆ ಎಂದು ಕೇಳಲಿಲ್ಲ. ಕೇಳಬೇಕಿತ್ತು.

ಮೊದಲು ಹಿರಿಹೊಳಲಿಗೆ ಹೋದ. ಅಲ್ಲಿಯ ಕರುಗಲ್ಲು ಸ್ನಾನಘಟ್ಟದ ಕೆಳಗಿನ ಮೆಟ್ಟಿಲಲ್ಲಿತ್ತು. ಅದನ್ನು ಸುತ್ತಿಕೊಂಡು ಒಂದು ಮೊಸಳೆ ಮಲಗಿತ್ತು, ದೋಣಿಗಿಂತ ಉದ್ದ. ಮಾತಾಡುವ ಮೊಸಳೆ. ಅದರ ದವಡೆಯಲ್ಲಿ ಯಾವುದೋ ಹಳೆಯ ದೋಣಿಯ ಲಂಗರು ಸಿಕ್ಕಿಕೊಂಡು ಕೀವಾಗಿತ್ತು. ಅದರ ಬಾಯಿಗೆ ಕೈ ಹಾಕುವ ಧೈರ್ಯ ಆ ಊರಲ್ಲಿ ಯಾರಿಗೂ ಇರಲಿಲ್ಲ.

ಕೇತ ಭುಜದ ತನಕ ಕೈ ಹಾಕಿದ. ಲಂಗರು ಕಿತ್ತು ತೆಗೆದ. ಮೊಸಳೆ ಬಾಯಿ ಮುಚ್ಚಿ, ತೆರೆದು, ಮತ್ತೆ ಮುಚ್ಚಿ ನೋಡಿತು. ನೋವಿರಲಿಲ್ಲ. ಏನು ಬೇಕು ಎಂದು ಕೇಳಿತು. ಕೇತ ಕಲ್ಲು ಕೇಳಿದ.

“ಯಾಕೆ ಎಂದು ನಾನು ಕೇಳುವುದಿಲ್ಲ,” ಎಂದಿತು ಮೊಸಳೆ. “ಮಾತು ಕೊಟ್ಟ ಮೇಲೆ ಮುಗಿಯಿತು. ನೀನಾದರೂ ನಿನ್ನನ್ನು ಒಮ್ಮೆ ಕೇಳಿಕೋ.”

ಕೇತ ಕೇಳಿಕೊಳ್ಳಲಿಲ್ಲ. ಎತ್ತುಗಳು ಎಳೆಯಲಾರದ ಕಲ್ಲು ಅವನ ಹೆಗಲಿಗೆ ಹತ್ತಿಮೂಟೆಯಂತೆ ಬಂತು.

ಆಮೇಲೆ ಕಂಚಿನಪುರಕ್ಕೆ ಹೋದ. ಅದು ಪಕ್ಕದ ರಾಜ್ಯದ ರಾಜಧಾನಿ, ಆ ರಾಜ್ಯಕ್ಕೆ ದೊಡ್ಡ ಊರೂ ಅದೇ. ಊರ ತುಂಬ ಕಂಚುಗಾರರು. ಬೆಳಗಿನಿಂದ ಬೈಗಿನ ತನಕ ಹಂಡೆ, ತಟ್ಟೆ, ಗಂಟೆ ಬಡಿಯುವ ಸದ್ದು. ಅಲ್ಲಿಯ ಕರುಗಲ್ಲನ್ನು ಕಾಯುವುದು ಒಂದು ಕರಡಿ. ಊರು ಕಟ್ಟಿದ ದಿನದಿಂದ ಅದು ಕಣ್ಣು ಮುಚ್ಚಿರಲಿಲ್ಲ. ತನ್ನನ್ನು ಮಲಗಿಸಿದವನಿಗೆ ಕಲ್ಲು ಕೊಡುತ್ತೇನೆ ಎಂದು ಬಹಳ ಹಿಂದೆಯೇ ಹೇಳಿತ್ತು. ವೈದ್ಯರು ಮದ್ದು ಕೊಟ್ಟರು, ಮಂತ್ರವಾದಿಗಳು ಬೂದಿ ಊದಿದರು. ಕರಡಿ ಸೀನಿತು. ಮಲಗಲಿಲ್ಲ.

ಕೇತ ನೆಲದ ಮೇಲೆ ಕೂತು ತೊಡೆ ತಟ್ಟಿದ. ಕರಡಿ ಅನುಮಾನದಿಂದ ತಲೆಯಿಟ್ಟಿತು. ಜಕ್ಕಬ್ಬೆ ತನಗೆ ಹಾಡುತ್ತಿದ್ದ ಜೋಗುಳವನ್ನು ಕೇತ ಹಾಡಿದ. ಗಂಟಲು ಸರಿಯಿರಲಿಲ್ಲ, ಆದರೂ ಹಾಡಿದ. ಎರಡನೆಯ ಸಲ ಹಾಡುವಾಗ ಕರಡಿಯ ರೆಪ್ಪೆಗಳು ಜೋತುಬಿದ್ದವು.

“ಎದ್ದಾಗ ನನ್ನ ಊರಿನ ಸದ್ದು ಕಿವಿಗೆ ಬಿದ್ದರೆ ಸಾಕು,” ಎಂದಿತು. ಹಾಗೆಯೇ ಮಲಗಿತು.

ಕೇತ ಅದರ ತಲೆಯನ್ನು ಮೆಲ್ಲಗೆ ಕೆಳಗಿಟ್ಟು ಕಲ್ಲು ಎತ್ತಿಕೊಂಡ. ಗುಡ್ಡ ಹತ್ತುವಾಗ ಆ ಮಾತು ಕಿವಿಯಲ್ಲೇ ಇತ್ತು. ಆದರೂ ಮೂರನೆಯ ಊರಿಗೆ ಹೋದ.

ಮೂರನೆಯದು ಏಳುಬಾವಿ. ಜಕ್ಕಬ್ಬೆಯ ತವರು.

ಸೋವಿದೇವ ಹೆಬ್ಬಾಗಿಲಿಗೇ ಬಂದು ಅಳಿಯನನ್ನು ಅಪ್ಪಿಕೊಂಡ. ತಾನೇ ನಿಂತು ಹೋಳಿಗೆ ಬಡಿಸಿದ. ತುಪ್ಪ ಸಾಕು ಅಂದರೆ ಇನ್ನೊಂದು ಸೌಟು ಹಾಕಿದ. ಊಟದ ನಡುವೆ ದನಿ ತಗ್ಗಿಸಿ ಕೇಳಿದ.

“ಭಾವನವರ ಕೋಪ ಇಳಿಯಿತೇನೋ? ಅವತ್ತು ನಾನು ಆ ಮಾತು ಆಡಬಾರದಿತ್ತು. ಸುಗ್ಗಿ ಮುಗಿಯಲಿ, ನಾನೇ ಗುಡ್ಡ ಹತ್ತಿ ಬಂದು ಕಾಲು ಹಿಡಿಯುತ್ತೇನೆ.”

ಕೇತನ ಬಾಯಲ್ಲಿ ಹೋಳಿಗೆ ನಿಂತಿತು. ಅಲ್ಲಿಗೇ ಮನೆಗೆ ಹಿಂತಿರುಗಿ ಅಪ್ಪನಿಗೆ ಈ ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವನು ಎದ್ದು ಕೈ ತೊಳೆದು ಕಲ್ಲಿನ ಬಳಿಗೆ ಹೋದ.

ಬನ್ನಿಮರದ ಕೆಳಗೆ ಒಂದು ಮುದಿ ಹುಲಿ ಕೂತಿತ್ತು. ಮೀಸೆಯೆಲ್ಲ ಬೆಳ್ಳಗೆ. ಕೇತನನ್ನು ಮೂಸಿ ನೋಡಿ, ಜಕ್ಕಬ್ಬೆಯ ಮಗನಲ್ಲವೇ, ಕಿವಿ ಅವಳದೇ ಎಂದಿತು. ಅವನು ಕಲ್ಲು ಕೇಳಿದ. ಹುಲಿ ಆಗದೆಂದು ತಲೆಯಾಡಿಸಿತು. ಮಗಳ ಮಗನಿಗೆ ಉಣ್ಣಲು ಇಡಬಹುದು, ಕಲ್ಲು ಕೊಡಲು ಬರುವುದಿಲ್ಲ. ಊರ ಮಗಳೇ ಬಂದು ಉಡಿಯೊಡ್ಡಿ ಕೇಳಿದರೆ ಮಾತ್ರ ಇಲ್ಲವೆನ್ನಲು ಬರುವುದಿಲ್ಲ ಎಂದಿತು.

ಆ ಖಂಡದಲ್ಲಿ ಉಡಿ ಎಂದರೆ ದೊಡ್ಡ ಮಾತು. ಮಗಳು ತವರಿನಿಂದ ಹೊರಡುವಾಗ ಸೆರಗೊಡ್ಡುತ್ತಾಳೆ. ಅಕ್ಕಿ, ಕೊಬ್ಬರಿ, ಅರಿಶಿನ, ಎಲೆ ಅಡಿಕೆ ಹಾಕಿ ಉಡಿ ತುಂಬುತ್ತಾರೆ. ಒಡ್ಡಿದ ಉಡಿಗೆ ಇಲ್ಲವೆನ್ನುವಂತಿಲ್ಲ. ಉಡಿಗೆ ಬಿದ್ದದ್ದನ್ನು ಹಿಂದಕ್ಕೆ ಕೊಡುವಂತಿಲ್ಲ. ಕೊಟ್ಟರೆ ತವರು ಕಡಿದುಕೊಂಡಂತೆ. ಆಮೇಲೆ ಅತ್ತಲಿಂದ ಯಾರೂ ಬರುವಂತಿಲ್ಲ, ಇತ್ತಲಿಂದ ಅವಳು ಹೋಗುವಂತಿಲ್ಲ. ಹಾಗೆ ಕೊಟ್ಟ ಹೆಂಗಸು ಆ ತನಕ ಒಬ್ಬಳೂ ಇರಲಿಲ್ಲ.

ಕೇತ ಕಿರುಗೋಟೆಗೆ ಬಂದು ಅಪ್ಪನಿಗೆ ವಿಷಯ ಹೇಳಿದ. ನಿಮ್ಮವ್ವನಿಗೆ ನಿಜ ಹೇಳಿದರೆ ಅವಳು ಹೋಗುವುದಿಲ್ಲ ಎಂದ ರಾಜ. ಆಮೇಲೆ ಕೇತ ಎದ್ದು ಒಳಗೆ ಹೋದ.

“ಅವ್ವ, ಮಾವ ನಿನ್ನನ್ನು ಕರೆದಿದ್ದಾನೆ,” ಅಂದ. “ಪಂಕ್ತಿಯಲ್ಲಿ ಆಡಿದ ಮಾತಿಗೆ ಬೇಸರ ಮಾಡಿಕೊಂಡಿದ್ದಾನೆ. ಎರಡು ಊರೂ ಒಂದೇ ಮನೆಯಂತಿರಲಿ ಎಂದು ತನ್ನ ಊರಿನ ಕರುಗಲ್ಲನ್ನು ನಿನಗೇ ಕೊಡುತ್ತಾನಂತೆ. ನೀನು ಉಡಿಯೊಡ್ಡಿ ಕೇಳಬೇಕಷ್ಟೆ.”

“ಅಣ್ಣ ಹಾಗಂದನೇ? ನಿಜವೇನೋ?”

“ನಿಜ ಅವ್ವ.”

ಮಗ ಸುಳ್ಳಾಡಿದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ, ಇದೇ ಮೊದಲನೆಯದು. ಜಕ್ಕಬ್ಬೆ ಅವತ್ತೇ ಚಕ್ಕಲಿಗೆ ಹಿಟ್ಟು ಬೀಸಿಸಿದಳು. ಅಣ್ಣನ ಮಕ್ಕಳಿಗೆಂದು ಡಬ್ಬಿ ತುಂಬಿಸಿದಳು. ತವರಿಗೆ ಹೋಗಿ ಬಹಳ ದಿನವಾಗಿತ್ತು.

ಏಳುಬಾವಿಯಲ್ಲಿ ಅತ್ತಿಗೆ ಉಡಿ ತುಂಬಿದಳು. ಜಕ್ಕಬ್ಬೆ ಕರುಗಲ್ಲಿನ ಮುಂದೆ ನಿಂತು ಸೆರಗೊಡ್ಡಿ ಕಲ್ಲು ಕೇಳಿದಳು. ಸೋವಿದೇವನ ಮುಖ ಕಪ್ಪಿಟ್ಟಿತು. ಭಾವನವರೇ ಇದನ್ನು ಕೇಳಿಸಿದ್ದಾರೆ, ಕೊಟ್ಟರೆ ಸಿಟ್ಟು ಇಳಿಯಬಹುದು ಎಂದುಕೊಂಡ. ತಂಗಿ ಕೇಳಿದ್ದಕ್ಕೆ ಇಲ್ಲ ಅನ್ನುವ ಊರಲ್ಲ ನಮ್ಮದು ಎಂದಷ್ಟೇ ಅಂದ. ಕಲ್ಲು ಕೊಡುವ ಸಂಕಟ ಎಂದು ಅವಳು ತಿಳಿದಳು. ಒಬ್ಬರನ್ನೊಬ್ಬರು ಒಂದು ಮಾತು ಕೇಳಿದ್ದರೆ ಸುಳ್ಳು ಅಲ್ಲೇ ಬಯಲಾಗುತ್ತಿತ್ತು. ಕೇಳಲಿಲ್ಲ.

ಕಲ್ಲು ತಾನಾಗಿ ಎದ್ದು ಅವಳ ಉಡಿಗೆ ಬಿತ್ತು. ತೆಂಗಿನಕಾಯಿಯಷ್ಟೇ ಭಾರ. ಹುಲಿ ಮುಖ ತಿರುಗಿಸಿಕೊಂಡಿತು.

ಕಿರುಗೋಟೆಯಲ್ಲಿ ಮೂರೂ ಕಲ್ಲು ನೆಟ್ಟರು. ಜೋಗಿ ನೂಲಿಗೆ ಮೂರು ಗಂಟು ಹಾಕಿ ಮೂರು ಹೆಸರನ್ನು ನುಂಗಿದ.

ಊರುಗಳು ಬಂದವು. ಮನೆಗಳು ದನಗಳಂತೆ ಸಾಲಾಗಿ ಗುಡ್ಡ ಹತ್ತಿದವು. ಬೀದಿಗಳು ಚಾಪೆಯಂತೆ ಸುರುಳಿ ಸುತ್ತಿಕೊಂಡು ಬಂದು ಇಲ್ಲಿ ಬಿಚ್ಚಿಕೊಂಡವು. ದೋಣಿಗಳು ಬಂದವು, ಹೊಳೆ ಬರಲಿಲ್ಲ. ಬಾವಿಕಟ್ಟೆಗಳು ಬಂದವು, ಬಾವಿ ಬರಲಿಲ್ಲ. ನೀರು ನೆಲದ ಸ್ವತ್ತು, ಅದು ಕಲ್ಲಿನ ಮಾತು ಕೇಳುವುದಿಲ್ಲ. ಮನೆಗಳೊಳಗೆ ಜನ ಕೂತಲ್ಲೇ ಕೂತು ಬಂದರು. ಇಳಿದು ಸುತ್ತ ನೋಡಿದರು. ತಮ್ಮದು ಯಾವ ಊರು ಎಂದು ಅವರಿಗೆ ನೆನಪಾಗಲಿಲ್ಲ. ನಂಟರು, ಗುರುತಿನವರು, ಎಲ್ಲರೂ ಹೆಸರಿನ ಜೊತೆಗೇ ಮರೆತುಹೋಗಿದ್ದರು.

ಕಿರುಗೋಟೆ ಖಂಡಕ್ಕೇ ದೊಡ್ಡ ಊರಾಯಿತು, ದೊಡ್ಡ ರಾಜಧಾನಿಯಾಯಿತು. ಕುಡಿಯುವ ನೀರಿಗೆ ಜಗಳ ಶುರುವಾಯಿತು. ಕಂಚುಗಾರರು ಸುತ್ತಿಗೆ ಕೈಯಲ್ಲಿ ಹಿಡಿದು ಇದು ಯಾತಕ್ಕೆ ಎಂದು ನೋಡುತ್ತ ಕೂತರು. ಅಂಬಿಗರು ಬಂಡೆಯ ಮೇಲೆ ನಿಂತ ದೋಣಿಗಳಲ್ಲಿ ಕೂತರು.

ಮುಂದಿನ ಕೂಟದಲ್ಲಿ ನನ್ನಿದೇವನ ಎಲೆ ಮೊದಲು ಬಿತ್ತು. ಆದರೆ ಪಂಕ್ತಿ ಗಿಡ್ಡವಾಗಿತ್ತು. ಕಂಚಿನಪುರದ ರಾಜ ಬರಲಿಲ್ಲ, ಅವನಿಗೆ ರಾಜಧಾನಿಯೇ ಇರಲಿಲ್ಲ. ಸೋವಿದೇವ ಬರಲಿಲ್ಲ. ಉಳಿದವರು ತಲೆ ಬಗ್ಗಿಸಿ ಉಂಡರು. ಯಾರೂ ಗೇಲಿ ಮಾಡಲಿಲ್ಲ. ಪಾಯಸ ಬಿಸಿಬಿಸಿಯಾಗಿ ಬಂತು. ನನ್ನಿದೇವ ಅದನ್ನು ಮುಟ್ಟದೆ ಎದ್ದ.

ಅದೇ ದಿನ ಜಕ್ಕಬ್ಬೆ ನೀರಿನ ಸಾಲಿನಲ್ಲಿ ಅಣ್ಣನನ್ನು ಕಂಡಳು. ಕೈಯಲ್ಲಿ ಖಾಲಿ ಬಿಂದಿಗೆ. ಕಲ್ಲನ್ನು ಹೊತ್ತು ತಂದವಳಾದ್ದರಿಂದ ಅವನ ಮುಖ ಅವಳಿಗೆ ಮರೆತಿರಲಿಲ್ಲ. ತವರಿನ ಹೆಸರು ಮಾತ್ರ ನಾಲಿಗೆಯಿಂದ ಹೋಗಿತ್ತು. ಅಣ್ಣ ಎಂದು ಕರೆದಳು. ಅವನು ತಿರುಗಿ ನೋಡಿದ.

“ಯಾರು ತಾಯಿ ನೀವು?” ಎಂದ. “ನಮ್ಮದು ಯಾವ ಊರೆಂದು ನಿಮಗೇನಾದರೂ ಗೊತ್ತೇ?”

ಅವಳು ತನ್ನ ಕೊಡದ ನೀರನ್ನು ಅವನ ಬಿಂದಿಗೆಗೆ ಬಗ್ಗಿಸಿ ಮನೆಗೆ ಬಂದಳು. ಮಗನ ಎದುರಿಗೆ ಕೂತಳು. ಅಣ್ಣ ಕಲ್ಲು ಕೊಡುತ್ತೇನೆ ಅಂದಿದ್ದನೇ ಎಂದು ಮತ್ತೆ ಕೇಳಿದಳು. ಕೇತ ಎಲ್ಲವನ್ನೂ ಹೇಳಿದ. ಹೋಳಿಗೆ ಬಡಿಸುವಾಗ ಮಾವ ಅಂದ ಮಾತನ್ನೂ ಹೇಳಿದ. ಕೂಟದಿಂದ ಹಿಂತಿರುಗಿದ ರಾಜ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡ. ಅಲ್ಲಿಂದ ಸೀದಾ ಜೋಗಿಯ ಬಳಿಗೆ ಹೋಗಿ ಎಲ್ಲ ಹಿಂದಕ್ಕೆ ಮಾಡು ಎಂದ.

ಜೋಗಿ ಈಗ ಹುಡುಗನಂತೆ ಕಾಣುತ್ತಿದ್ದ. ನಕ್ಕ.

“ಕಲ್ಲು ಯಾರು ತಂದರೋ ಅವರೇ ಹಿಂದಕ್ಕೆ ಇಟ್ಟರೆ ಗಂಟು ಬಿಚ್ಚುತ್ತದೆ. ಆದರೆ ಒಂದು ಗಂಟು ಉಳಿದರೆ ಮೂರೂ ಉಳಿದಂತೆ. ಉಡಿಗೆ ಬಿದ್ದದ್ದನ್ನು ಹಿಂದಕ್ಕೆ ಕೊಡುವ ಹೆಂಗಸು ನಿಮ್ಮಲ್ಲಿ ಇದ್ದಾಳೇನು, ರಾಜ?”

ನನ್ನಿದೇವ ಮನೆಗೆ ಬಂದು ಜೋಗಿ ಅಂದದ್ದನ್ನು ಹೆಂಡತಿಗೂ ಮಗನಿಗೂ ಹೇಳಿದ.

ಕೇತ ಎರಡು ಕಲ್ಲನ್ನು ಕಿತ್ತ. ಬಂದವು. ಮೂರನೆಯದಕ್ಕೆ ಕೈ ಹಾಕಿದ. ಅಲುಗಲಿಲ್ಲ. ಆಗ ಜಕ್ಕಬ್ಬೆ ಹೊರಗೆ ಬಂದಳು. ರಾಜ ಅವಳಿಗೆ ಅಡ್ಡ ಬಂದು, ಬೇಡ, ಹೀಗೆಯೇ ಇರಲಿ, ಬಾವಿ ತೋಡಿಸೋಣ, ಜನ ಮರೆತು ಬದುಕುತ್ತಾರೆ ಎಂದ. ನಿನಗೆ ತವರು ತಪ್ಪಿಸಲಾರೆ ಎಂದ.

“ನೀವು ಎಲೆಗಾಗಿ ಮಾಡಿದಿರಿ,” ಎಂದಳು ಅವಳು. “ಇವನು ನಿಮಗಾಗಿ ಮಾಡಿದ. ಈಗ ನಾನೊಂದು ಮಾಡುತ್ತೇನೆ, ಬಿಡಿ.”

ಅವಳು ಸೆರಗೊಡ್ಡಿದಳು. ಕಲ್ಲು ಎದ್ದು ಉಡಿಗೆ ಬಂತು.

ಗುಡ್ಡದ ಬುಡದಲ್ಲಿ ಜೋಗಿ ದಾರಿ ಕಟ್ಟಿದ. ಈಗ ಅವನು ನಗುತ್ತಿರಲಿಲ್ಲ. ಬೆಂಕಿ ಎಬ್ಬಿಸಿದ. ಕೇತ ಮುಂದೆ ನಡೆದು ಮೈ ಸುಟ್ಟುಕೊಂಡು ಅವಳಿಗೆ ದಾರಿ ಮಾಡಿದ. ಜೋಗಿ ಹಾವುಗಳನ್ನು ಬಿಟ್ಟ. ಅವು ಉಡಿ ಹೊತ್ತ ಹೆಂಗಸನ್ನು ನೋಡಿ ಪಕ್ಕಕ್ಕೆ ಸರಿದವು. ಕೊನೆಗೆ ಅವನು ಮಾತು ಹೂಡಿದ. ಗೌರಿಹಬ್ಬಕ್ಕೆ ಬಾಗಿನ ಬರುವುದಿಲ್ಲ, ನಿನ್ನ ಮೊಮ್ಮಗುವಿಗೆ ತವರಿನ ತೊಟ್ಟಿಲು ಬರುವುದಿಲ್ಲ, ನೀನು ಸತ್ತರೆ ತವರಿನ ಸೀರೆ ಹೊದಿಸುವವರಿಲ್ಲ, ಗೊತ್ತೇ ಎಂದು ಕೇಳಿದ.

“ಗೊತ್ತು. ದಾರಿ ಬಿಡು.”

ಆ ಮಾತಿಗೆ ಅವನಲ್ಲಿ ಮಂತ್ರವಿರಲಿಲ್ಲ. ದಾರಿ ಬಿಟ್ಟ.

ಹೆಸರು ಮರೆತಿದ್ದರೂ ಹೊಳೆಯ ದಡ ಹಿಡಿದು ಮೊದಲು ಹಿರಿಹೊಳಲಿನ ಘಟ್ಟಕ್ಕೆ ಹೋದರು. ಕೇತ ಕಲ್ಲನ್ನು ಮೊಸಳೆಯ ಮುಂದೆ ಇಟ್ಟ. ಮೊಸಳೆ ಅದನ್ನು ಸುತ್ತಿಕೊಂಡಿತು. ಕಂಚಿನಪುರದ ಬಯಲಿಗೆ ಹೋದರು. ಕರಡಿ ಇನ್ನೂ ಮಲಗಿತ್ತು. ಕೇತ ಕಲ್ಲನ್ನು ಅದರ ಮಗ್ಗುಲಿಗೆ ಇಟ್ಟು, ಎಬ್ಬಿಸದೆ ಬಂದ.

ಮೂರನೆಯ ಊರಿನ ಹೆಸರೂ ಇಬ್ಬರ ನಾಲಿಗೆಯಿಂದ ಹೋಗಿತ್ತು. ಹಾದಿಯಲ್ಲಿ ಯಾರನ್ನು ಕೇಳುವುದು, ಏನೆಂದು ಕೇಳುವುದು. ತವರಿನ ದಾರಿ ಜಕ್ಕಬ್ಬೆಯ ಕಾಲಿಗೆ ಗೊತ್ತಿತ್ತು. ಹೋದಳು.

ಬಯಲಿನಲ್ಲಿ ಬಾವಿಗಳು ಮಾತ್ರ ಇದ್ದವು. ಬನ್ನಿಮರದ ಕೆಳಗೆ ಹುಲಿ ಕೂತಿತ್ತು.

“ಉಡಿ ಬಿಚ್ಚಬೇಡ ಮಗಳೇ,” ಎಂದಿತು. “ಇನ್ನೊಮ್ಮೆ ಯೋಚನೆ ಮಾಡು.”

“ಬಿಚ್ಚಿದರೆ ಊರು ಬರುತ್ತದಲ್ಲವೇ?”

“ಬರುತ್ತದೆ.”

“ನಾನು?”

“ನೀನು ಬರುವಂತಿಲ್ಲ.”

ಅವಳು ಬಾವಿಗಳ ಕಡೆ ಒಮ್ಮೆ ನೋಡಿದಳು. ಆಮೇಲೆ ಸೆರಗು ಬಿಟ್ಟಳು. ಕಲ್ಲು ತನ್ನ ಹಳೆಯ ಗುಣಿಗೆ ಬಿದ್ದು ನಿಂತಿತು.

ಗುಡ್ಡದ ಬುಡದಲ್ಲಿ ಜೋಗಿಯ ನೂಲಿನ ಮೂರೂ ಗಂಟು ಬಿಚ್ಚಿದವು. ತಿಂದ ಆಯಸ್ಸೆಲ್ಲ ಒಂದೇ ಸಲ ಅವನಿಂದ ಹೊರಟಿತು. ನಿಂತಲ್ಲೇ ಒಂದು ಹಿಡಿ ಅರಳೆಯಾದ. ಗಾಳಿ ಬಂದು ಅದನ್ನೂ ಒಯ್ದಿತು.

ಮನೆಗಳು ಗುಡ್ಡ ಇಳಿದು ಬಂದವು. ಜಕ್ಕಬ್ಬೆ ಊರ ಎಲ್ಲೆಯ ಆಚೆಗೆ ಸರಿದು ನಿಂತಳು. ಬೀದಿಗಳು ಅವಳ ಪಕ್ಕದಿಂದಲೇ ಹಾದುಹೋಗಿ ತಮ್ಮ ಜಾಗದಲ್ಲಿ ಬಿಚ್ಚಿಕೊಂಡವು. ಜನಕ್ಕೆ ಊರಿನ ಹೆಸರು ನೆನಪಾಯಿತು. ಏಳುಬಾವಿ, ಏಳುಬಾವಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಅತ್ತರು.

ಸೋವಿದೇವ ಹೆಬ್ಬಾಗಿಲಿನಿಂದ ಓಡಿ ಬಂದ. ಜಕ್ಕು ಎಂದು ಕೂಗಿದ. ಹುಲಿ ಎದ್ದು ಬಂದು ಎಲ್ಲೆಯ ಮೇಲೆ ಅಡ್ಡ ಮಲಗಿತು. ಅದಕ್ಕೂ ಮನಸ್ಸಿರಲಿಲ್ಲ. ಅವನು ಈಚೆ ಬರುವಂತಿರಲಿಲ್ಲ, ಅವಳು ಆಚೆ ಹೋಗುವಂತಿರಲಿಲ್ಲ. ಅವನ ಹಿಂದೆ ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು.

“ಊಟ ಆಯಿತೇ?” ಎಂದು ಅಣ್ಣ ಕೇಳಿದ.

“ಆಯಿತಣ್ಣ,” ಎಂದಳು. ಆಗಿರಲಿಲ್ಲ.

ಅವಳು ತಿರುಗಿ ನಡೆದಳು. ಕೇತ ಹಿಂದೆ ಹಿಂದೆ ಬಂದ. ದಾರಿಯಲ್ಲಿ ಅವನು ಏನೋ ಹೇಳಲು ಬಾಯಿ ತೆಗೆದ. ಈಗ ಬೇಡ ಎಂದಳು ಅವ್ವ.

ಕಂಚಿನಪುರದ ಕರಡಿ ಹಂಡೆ ಬಡಿಯುವ ಸದ್ದಿಗೆ ಎದ್ದಿತು. ಹಿರಿಹೊಳಲಿನ ದೋಣಿಗಳು ನೀರಿಗೆ ಇಳಿದವು. ಮೂರು ಊರಿನ ಜನವೂ ಚೆನ್ನಾಗಿ ಬಾಳಿದರು, ಅವರ ಮಕ್ಕಳು ಮೊಮ್ಮಕ್ಕಳೂ ಬಾಳಿದರು. ನನ್ನಿದೇವನೂ ಸೋವಿದೇವನೂ ಕೂಟಗಳಲ್ಲಿ ಒಂದೇ ಪಂಕ್ತಿಯಲ್ಲಿ ಉಂಡರು, ಮಾತಾಡಲಿಲ್ಲ. ತವರು ಕಡಿದ ಮೇಲೆ ಮಾತಾಡುವಂತಿರಲಿಲ್ಲ. ಅಪ್ಪನ ನಂತರ ಕೇತ ರಾಜನಾದ, ಜನ ಅವನನ್ನು ಒಳ್ಳೆಯ ರಾಜ ಅಂದರು.

ಜಕ್ಕಬ್ಬೆ ಆಮೇಲೆ ಬಹಳ ವರ್ಷ ಬದುಕಿದಳು. ಏಳುಬಾವಿಗೆ ಹೋಗಲಿಲ್ಲ.